ಹೋಂಸ್ಟೇ ಬುಕಿಂಗ್, ಚಲನ್ ಲಿಂಕ್, ಅಗ್ಗದ ಅಂಗಡಿ: ನಕಲಿ ವೆಬ್‌ಸೈಟ್ ಹಿಡಿಯೋದು ಹೇಗೆ?

ನಕಲಿ ವೆಬ್‌ಸೈಟ್ ಗುರುತಿಸೋಕೆ ಅಂತ ವರ್ಷಗಳಿಂದ ಹೇಳಿಕೊಂಡು ಬಂದಿರುವ ಸಲಹೆಗಳಲ್ಲಿ ಅರ್ಧಕ್ಕರ್ಧ ಈಗ ಕೆಲಸಕ್ಕೆ ಬರುವುದಿಲ್ಲ. ಕಾಗುಣಿತ ತಪ್ಪಿದೆಯಾ ನೋಡಿ ಅಂತಾರೆ. ಈಗ ಎಲ್ಲ ಎಐ ಕೈಲಿ ಬರೆಸುತ್ತಾರೆ, ಎಷ್ಟೋ ಸರ್ಕಾರಿ ಸುತ್ತೋಲೆಗಿಂತ ಕಳ್ಳರ ಕನ್ನಡವೇ ಓದೋಕೆ ಸಲೀಸಾಗಿರುತ್ತದೆ. ಬೀಗದ ಚಿಹ್ನೆ ಇದೆಯಾ ನೋಡಿ ಅಂತಾರೆ. ಆ ಬೀಗ ಹೇಳುವುದು ಒಂದೇ ವಿಷಯ: ನಿಮ್ಮ ಫೋನಿಗೂ ಆ ವೆಬ್‌ಸೈಟಿಗೂ ನಡುವೆ ಹೋಗಿ ಬರುವ ಮಾಹಿತಿಯನ್ನು ಮಧ್ಯದಲ್ಲಿ ಬೇರೆಯವರು ಓದೋಕೆ ಆಗಲ್ಲ. ಆ ಕಡೆ ಕೂತಿರುವವನು ಕಳ್ಳನೋ ಸಾಚಾನೋ ಬೀಗಕ್ಕೇನು ಗೊತ್ತು? ಅದಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಕೆಲವೇ ನಿಮಿಷದ ಕೆಲಸ. ಬೀಗ ಕಂಡರೆ ವೆಬ್‌ಸೈಟೇ ನಂಬಿಕಸ್ಥ ಅಂತ ಜನ ತಿಳಿಯುತ್ತಿದ್ದಾರೆ ಅನ್ನುವ ಕಾರಣಕ್ಕೇ ಗೂಗಲ್ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನು ತೆಗೆದು ಬೇರೆ ಗುರುತು ಹಾಕಿತು.

ಹಾಗಾದರೆ ಏನು ನೋಡಬೇಕು? ನನ್ನ ಪ್ರಕಾರ ಎರಡೇ. ಒಂದು, ವೆಬ್‌ಸೈಟಿನ ವಿಳಾಸ. ಇನ್ನೊಂದು, ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ ಅನ್ನೋದು. ಬಣ್ಣ, ಲೋಗೋ, ಫೋಟೋ, ನೂರಾರು ಫೈವ್ ಸ್ಟಾರ್ ರಿವ್ಯೂ, ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಕಾಪಿ ಹೊಡೆಯಬಹುದು. ಈ ಎರಡನ್ನು ಕಾಪಿ ಹೊಡೆಯೋದು ಬಹಳ ಕಷ್ಟ.

ವಿಳಾಸವನ್ನು ಬಲಗಡೆಯಿಂದ ಓದಿ

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ನಿಮ್ಮ ಮೊಬೈಲಿಗೆ ಮೆಸೇಜ್ ಬರುತ್ತದೆ: ಕೆಎ 18 ನಂಬರಿನ ನಿಮ್ಮ ಗಾಡಿಯ ಮೇಲೆ 500 ರೂಪಾಯಿ ದಂಡ ಬಾಕಿ ಇದೆ, ಇವತ್ತೇ ಕಟ್ಟದಿದ್ದರೆ ಕೇಸು ಕೋರ್ಟಿಗೆ ಹೋಗುತ್ತದೆ. ಕೆಳಗೊಂದು ಲಿಂಕ್. ಅದನ್ನು ಬಾಯಲ್ಲಿ ಓದಿದರೆ ಹೀಗಿರುತ್ತದೆ ಅಂದುಕೊಳ್ಳಿ: ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್ ಡಾಟ್ ಚಲನ್-ಪೇ ಡಾಟ್ ಟಾಪ್ ಸ್ಲ್ಯಾಷ್ ಕೆಎ18.

ಎಡದಿಂದ ಓದುವ ಕಣ್ಣಿಗೆ ಮೊದಲು ಕಾಣುವುದು ಪರಿವಾಹನ್, ಅಂದರೆ ಕೇಂದ್ರ ಸಾರಿಗೆ ಇಲಾಖೆಯ ವೆಬ್‌ಸೈಟಿನ ಹೆಸರು, ಆಮೇಲೆ ಜಿಒವಿ ಡಾಟ್ ಇನ್. ಸರ್ಕಾರದ್ದೇ ಅನ್ನಿಸುತ್ತದೆ, ಅಲ್ವಾ? ಈಗ ಹೀಗೆ ಮಾಡಿ. ಶುರುವಿನಲ್ಲಿರುವ ಎಚ್‌ಟಿಟಿಪಿಎಸ್ ಮತ್ತು ಜೋಡಿ ಸ್ಲ್ಯಾಷ್ ಬಿಟ್ಟುಬಿಡಿ. ಅಲ್ಲಿಂದ ಮುಂದೆ ಹೋಗಿ ಮೊದಲ ಒಂಟಿ ಸ್ಲ್ಯಾಷ್ ಎಲ್ಲಿದೆ ಹುಡುಕಿ, ಅಲ್ಲಿ ನಿಂತು ಹಿಂದಕ್ಕೆ, ಅಂದರೆ ಎಡಕ್ಕೆ ಓದಿ. ಕೊನೆಯ ಎರಡು ತುಂಡು ಯಾವುವು? ಟಾಪ್, ಅದರ ಹಿಂದೆ ಚಲನ್-ಪೇ. ಈ ವೆಬ್‌ಸೈಟಿನ ಯಜಮಾನ ಚಲನ್-ಪೇ ಡಾಟ್ ಟಾಪ್ ಅನ್ನುವ ಹೆಸರು ಕೊಂಡವನು. ಅದರ ಎಡಕ್ಕೆ ಏನಿದೆಯೋ ಅದೆಲ್ಲ ಅವನಿಗೆ ಇಷ್ಟ ಬಂದದ್ದು, ಒಂದು ಪೈಸೆ ಖರ್ಚಿಲ್ಲದೆ ಬರೆದುಕೊಂಡದ್ದು. ಬೆಂಗಳೂರಿನ ಗಲ್ಲಿಯಲ್ಲಿ ಒಬ್ಬ ‘ಚಿಕ್ಕಮಗಳೂರು ಕಾಫಿ’ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಆ ಅಂಗಡಿ ಚಿಕ್ಕಮಗಳೂರಿನ ಐಜಿ ರಸ್ತೆಗೆ ಬಂದುಬಿಡುವುದಿಲ್ಲ.

ಕೊನೆಯಲ್ಲಿ ಜಿಒವಿ ಡಾಟ್ ಇನ್, ಕೋ ಡಾಟ್ ಇನ್, ಬ್ಯಾಂಕ್ ಡಾಟ್ ಇನ್ ಥರದ ಜೋಡಿ ಇದ್ದರೆ ಎರಡರ ಬದಲು ಮೂರು ತುಂಡು ತೆಗೆದುಕೊಳ್ಳಿ. ಜಿಒವಿ ಡಾಟ್ ಇನ್ ಮತ್ತು ಎನ್‌ಐಸಿ ಡಾಟ್ ಇನ್ ಸರ್ಕಾರಕ್ಕೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಕರ್ನಾಟಕದ ಇಲಾಖೆಗಳದ್ದು ಸಾಮಾನ್ಯವಾಗಿ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದೆ, ನಮ್ಮ ಜಿಲ್ಲಾಡಳಿತದ್ದು ಚಿಕ್ಕಮಗಳೂರು ಡಾಟ್ ಎನ್‌ಐಸಿ ಡಾಟ್ ಇನ್. ಇಲ್ಲೊಂದು ಕುತಂತ್ರ ನೆನಪಿಡಿ: ಚುಕ್ಕಿ ಇರಬೇಕಾದ ಕಡೆ ಅಡ್ಡಗೆರೆ ಹಾಕುತ್ತಾರೆ. ಕರ್ನಾಟಕ, ಅಡ್ಡಗೆರೆ, ಜಿಒವಿ, ಆಮೇಲೆ ಡಾಟ್ ಇನ್ ಅಂತಿದ್ದರೆ ಅದು ಸರ್ಕಾರದ್ದಲ್ಲ. ಯಾರು ಬೇಕಾದರೂ ಕೊಳ್ಳಬಹುದಾದ ಮಾಮೂಲಿ ಹೆಸರು ಅದು.

ಬ್ಯಾಂಕುಗಳ ವಿಷಯದಲ್ಲಿ ಈಗ ಕೆಲಸ ಸುಲಭ ಆಗಿದೆ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುವ ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಕೊಟ್ಟಿತ್ತು. ಆ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಕೆವೈಸಿ ಅಪ್‌ಡೇಟ್ ಮಾಡಿ ಅಂತ ಬಂದ ಲಿಂಕ್ ಡಾಟ್ ಕಾಮ್, ಡಾಟ್ ಆನ್‌ಲೈನ್ ಅಂತೇನಾದರೂ ಮುಗಿದರೆ ಮುಂದೆ ಯೋಚನೆ ಮಾಡೋ ಅಗತ್ಯವೇ ಇಲ್ಲ, ಡಿಲೀಟ್ ಮಾಡಿ.

ಆದರೆ ಇದನ್ನೇ ತಿರುಗಿಸಿ, ಜಿಒವಿ ಇಲ್ಲದ್ದೆಲ್ಲ ನಕಲಿ ಅಂತ ತೀರ್ಮಾನಿಸಬೇಡಿ. ಕೆಎಸ್‌ಆರ್‌ಟಿಸಿಯ ವೆಬ್‌ಸೈಟ್ ಬರೀ ಡಾಟ್ ಇನ್, ರೈಲ್ವೆ ಟಿಕೆಟಿನ ಐಆರ್‌ಸಿಟಿಸಿ ಕೋ ಡಾಟ್ ಇನ್. ಅನುಮಾನ ಬಂದಾಗ ಸಂಬಂಧಪಟ್ಟ ಇಲಾಖೆಯ ಅಸಲಿ ಪುಟಕ್ಕೆ ಹೋಗಿ, ಅಲ್ಲಿರುವ ಲಿಂಕ್ ಒತ್ತಿ ಒಳಗೆ ಹೋದರೆ ಆಯಿತು. ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯ ಮಾಡಿದಾಗ ಸಾರಿಗೆ ಇಲಾಖೆಯ ಪುಟದಿಂದ ಒಳಗೆ ಹೋದವರಿಗೆ ಏನೂ ಆಗಲಿಲ್ಲ. ಗೂಗಲ್‌ನಲ್ಲಿ ಹುಡುಕಿ ಕಣ್ಣಿಗೆ ಬಿದ್ದ ಮೊದಲ ಪುಟದಲ್ಲಿ ದುಡ್ಡು ಕಟ್ಟಿದವರಲ್ಲಿ ಕೆಲವರಿಗೆ ಪ್ಲೇಟೂ ಇಲ್ಲ, ದುಡ್ಡೂ ಇಲ್ಲ.

ಮೊಬೈಲಿನಲ್ಲಿ ವಿಳಾಸ ಪೂರ್ತಿ ಕಾಣುವುದಿಲ್ಲ ಅನ್ನೋದು ದೊಡ್ಡ ತೊಂದರೆ. ಮೇಲಿನ ಪಟ್ಟಿಯನ್ನು ಒಮ್ಮೆ ಒತ್ತಿ, ಪೂರ್ತಿ ತೆರೆದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳ ಆಟಾನೂ ಇರುತ್ತದೆ. ಆರ್ ಮತ್ತು ಎನ್ ಅಕ್ಷರಗಳನ್ನು ಚಿಕ್ಕದಾಗಿ ಒತ್ತೊತ್ತಾಗಿ ಇಟ್ಟರೆ ಎಮ್ ಥರ ಕಾಣುತ್ತದೆ, ಓ ಇರಬೇಕಾದ ಕಡೆ ಸೊನ್ನೆ ಕೂರಿಸುತ್ತಾರೆ, ಎಲ್ ಇರಬೇಕಾದ ಕಡೆ ಒಂದು. ನಮ್ಮೂರಿನ ಹೆಸರೇ ಇವರಿಗೊಂದು ವರ. ಸರ್ಕಾರ 2014ರ ನವೆಂಬರ್‌ನಲ್ಲಿ ಇಂಗ್ಲಿಷ್ ಹೆಸರನ್ನು ಸರಿಪಡಿಸಿದರೂ ಹಳೆಯ ರೂಪಗಳು ಹೋಗಿಲ್ಲ, ಒಂದು ಕೆ ಹಾಕಿದ್ದು, ಎರಡು ಕೆ ಹಾಕಿದ್ದು, ಸಿ ಜೊತೆ ಕೆ ಸೇರಿಸಿದ್ದು ಎಲ್ಲಾ ಚಾಲ್ತಿಯಲ್ಲಿವೆ. ಹಾಗಾಗಿ ಊರ ಹೆಸರು ಹೇಗೆ ಬರೆದಿದ್ದಾರೆ ಅನ್ನೋದರಿಂದ ನಿಮಗೆ ಯಾವ ಸುಳಿವೂ ಸಿಗುವುದಿಲ್ಲ.

ಇನ್ನೊಂದು ಸಣ್ಣ ಉಪಾಯ. ಪಾಸ್‌ವರ್ಡನ್ನು ಫೋನಿನಲ್ಲೇ ಸೇವ್ ಮಾಡಿಟ್ಟಿದ್ದರೆ, ಅಸಲಿ ವಿಳಾಸದಲ್ಲಿ ಅದು ತಾನಾಗೇ ತುಂಬಿಕೊಳ್ಳೋಕೆ ಬರುತ್ತದೆ. ದಿನಾ ತುಂಬಿಕೊಳ್ಳುತ್ತಿದ್ದದ್ದು ಇವತ್ತು ಬರಲಿಲ್ಲ ಅಂದರೆ ಸಿಟ್ಟು ಮಾಡಿಕೊಂಡು ಕೈಯಲ್ಲಿ ಟೈಪ್ ಮಾಡೋಕೆ ಹೋಗಬೇಡಿ. ಮೊದಲು ವಿಳಾಸ ನೋಡಿ. ನಿಮ್ಮ ಕಣ್ಣು ಮೋಸ ಹೋದರೂ ಬ್ರೌಸರ್ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ.

ಗೂಗಲ್‌ನಲ್ಲಿ ಮೇಲೆ ಬಂದಿದೆ ಅಂದ ಮಾತ್ರಕ್ಕೆ

ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಒಂದೆರಡು ಫಲಿತಾಂಶಗಳ ಮೇಲೆ ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇರುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಅದು. ಕಳ್ಳನ ಹತ್ತಿರಾನೂ ದುಡ್ಡಿರುತ್ತದೆ. ಕಸ್ಟಮರ್ ಕೇರ್ ನಂಬರನ್ನಂತೂ ಯಾವತ್ತೂ ಗೂಗಲ್‌ನಲ್ಲಿ ಹುಡುಕಬೇಡಿ. ಬ್ಯಾಂಕಿನದು ಎಟಿಎಂ ಕಾರ್ಡಿನ ಹಿಂದೆ ಇರುತ್ತದೆ, ಕರೆಂಟಿಗೆ 1912. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಫೋನ್ ನಂಬರ್ ಬದಲಾಯಿಸಿ ಅಂತ ಯಾರು ಬೇಕಾದರೂ ಸಲಹೆ ಕಳಿಸಬಹುದು, ಕೆಲವು ಸಲ ಅದು ಪಾಸೂ ಆಗಿಬಿಡುತ್ತದೆ.

ಕರೆಂಟ್ ಅಂದಾಗ ನೆನಪಾಯಿತು. ‘ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆ ಕರೆಂಟ್ ಕಟ್ ಮಾಡುತ್ತೇವೆ, ಈ ಅಧಿಕಾರಿಗೆ ಫೋನ್ ಮಾಡಿ’ ಅನ್ನುವ ಮೆಸೇಜ್ ಮಲೆನಾಡಿಗೂ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗೋಕೆ ನೋಟಿಸ್ ಬೇರೆ ಬೇಕಾ! ತಮಾಷೆ ಬಿಡಿ, ಇಲ್ಲಿ ನೋಡಬೇಕಾದ್ದು ಮೆಸೇಜ್ ಎಲ್ಲಿಂದ ಬಂತು ಅನ್ನೋದು. ಬ್ಯಾಂಕ್, ನಮ್ಮ ಕಡೆ ಕರೆಂಟ್ ಕೊಡುವ ಮೆಸ್ಕಾಂ, ಸರ್ಕಾರದಿಂದ ಬರುವ ಎಸ್ಸೆಮ್ಮೆಸ್ಸು ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬರುತ್ತದೆ, 2025ರಿಂದ ಆ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಒಂದು ಅಕ್ಷರಾನೂ ಇರುತ್ತದೆ. ಜಾಹೀರಾತಾದರೆ ಪಿ, ಸೇವೆಗೆ ಸಂಬಂಧಿಸಿದ್ದಾದರೆ ಎಸ್, ವಹಿವಾಟಿನದಾದರೆ ಟಿ, ಸರ್ಕಾರದ್ದಾದರೆ ಜಿ.

ಹೋಂಸ್ಟೇ ಬುಕ್ ಮಾಡುವಾಗ

ಇದು ನಮ್ಮ ಜಿಲ್ಲೆಯ ಖಾಸಾ ರೋಗ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಆಟ ಹೀಗೆ ನಡೆಯುತ್ತದೆ. ಆಲ್ದೂರು ಕಡೆಯದೋ ಮೂಡಿಗೆರೆ ಕಡೆಯದೋ ಒಂದು ಒಳ್ಳೆ ಹೋಂಸ್ಟೇಯ ಫೋಟೋಗಳನ್ನೆಲ್ಲ ಎತ್ತಿಕೊಳ್ಳುತ್ತಾರೆ. ಅದೇ ಹೆಸರು, ಅದೇ ಅಂಗಳ, ಅದೇ ತಿಂಡಿಯ ಫೋಟೋ. ಫೋನ್ ನಂಬರ್ ಮಾತ್ರ ಬೇರೆ. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಬಿಡುತ್ತಾರೆ, ಉದ್ದನೆಯ ವೀಕೆಂಡ್‌ಗೆ ಎಲ್ಲಾ ಕಡೆ ರೂಮ್ ಖಾಲಿ ಇಲ್ಲ ಅಂತಿರುವಾಗ ಇವರ ಹತ್ತಿರ ಮಾತ್ರ ಎರಡು ರೂಮ್ ಉಳಿದಿರುತ್ತದೆ. ರೇಟೂ ಕಮ್ಮಿ. ಅರ್ಧ ಅಡ್ವಾನ್ಸ್ ಹಾಕಿ ಅಂತಾರೆ. ಹಾಕಿದ ಮೇಲೆ ಶುರುವಾಗುತ್ತದೆ ಎರಡನೇ ಅಂಕ: ‘ಸರ್, ನಿಮ್ಮ ಇನ್‌ವಾಯ್ಸ್ ಜನರೇಟ್ ಆಗ್ತಾ ಇಲ್ಲ, ಉಳಿದ ಅರ್ಧಾನೂ ಹಾಕಿಬಿಡಿ, ಜಾಸ್ತಿ ಆದದ್ದು ತಾನಾಗೇ ರಿಫಂಡ್ ಆಗುತ್ತೆ.’ ರಿಫಂಡ್ ಬರಲ್ಲ. ಮತ್ತೆ ಕೇಳಿದರೆ ರಿಫಂಡ್ ಪ್ರಾಸೆಸ್ ಮಾಡೋಕೆ ಇನ್ನೊಂದಷ್ಟು ಹಾಕಿ ಅಂತಾರೆ.

ಇತ್ತ ಅಸಲಿ ಹೋಂಸ್ಟೇಯವರ ಪಾಡು ಕೇಳಬೇಡಿ. ಶನಿವಾರ ರಾತ್ರಿ ಚಳಿಯಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಗೇಟಿನಲ್ಲಿ ನಿಂತು ರಸೀತಿ ತೋರಿಸುತ್ತಾರೆ. ರಸೀತಿಯಲ್ಲಿ ಹೆಸರು ಇವರದೇ. ದುಡ್ಡು ಇವರಿಗೆ ಬಂದಿಲ್ಲ. ಬೈಸಿಕೊಳ್ಳೋದು ಮಾತ್ರ ಇವರು.

ಹೇಗೆ ಪರೀಕ್ಷೆ ಮಾಡೋದು? ಮೊದಲು, ದುಡ್ಡು ಹಾಕುವ ಮುಂಚೆ ಹೆಸರು ಓದಿ. 2025ರ ಜೂನ್ ಕೊನೆಯಿಂದ ಯುಪಿಐ ಆ್ಯಪ್‌ಗಳು ದುಡ್ಡು ತೆಗೆದುಕೊಳ್ಳುವವನ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅನ್ನುವ ನಿಯಮ ಬಂದಿದೆ. ಮುಂಚೆ ಅವನು ಇಟ್ಟುಕೊಂಡ ಅಡ್ಡಹೆಸರು, ನೀವು ಸೇವ್ ಮಾಡಿಕೊಂಡ ಹೆಸರು ಕಾಣುತ್ತಿತ್ತು. ಪಿನ್ ಒತ್ತುವ ಮುಂಚಿನ ಆ ಒಂದು ಸಾಲನ್ನು ಜನ ಓದೋದೇ ಇಲ್ಲ. ನಿಮ್ಮ ಹತ್ತಿರ ಮಾತಾಡಿದವರು ಒಬ್ಬರು, ಅಲ್ಲಿ ಕಾಣುವ ಹೆಸರು ಯಾರೋ ಎತ್ತಣದವರದ್ದು, ಕೇಳಿದರೆ ‘ನಮ್ಮ ಅಕೌಂಟೆಂಟ್‌ದು’ ಅಂದರು ಅನ್ನಿ, ಅಲ್ಲಿಗೆ ಬಿಟ್ಟುಬಿಡಿ. ಹೆಂಡತಿ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಖಾತೆ ಇಟ್ಟುಕೊಂಡ ಅಸಲಿ ಮಾಲೀಕರು ಖಂಡಿತ ಇದ್ದಾರೆ, ಆದರೆ ಅವರು ಮುಂದಿನ ಪರೀಕ್ಷೆ ಪಾಸಾಗುತ್ತಾರೆ.

ಮುಂದಿನ ಪರೀಕ್ಷೆ ಅಂದರೆ ಊರಿನ ಪ್ರಶ್ನೆ. ಕೈಮರದ ಚೆಕ್‌ಪೋಸ್ಟ್‌ನಿಂದ ಯಾವ ಕಡೆ ತಿರುಗಬೇಕು? ಕೊನೆಯ ಎರಡು ಕಿಲೋಮೀಟರ್ ರಸ್ತೆ ಹೇಗಿದೆ, ನನ್ನ ಸಣ್ಣ ಕಾರು ಹತ್ತುತ್ತಾ, ಇಲ್ಲ ಜೀಪ್ ಕಳಿಸ್ತೀರಾ? ನಿಮ್ಮಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಬರುತ್ತದೆ? ತೋಟದ ಮನೆಯವರಿಗೆ ಈ ಪ್ರಶ್ನೆಗಳು ದಿನಾ ಕೇಳಿ ಕೇಳಿ ಬಾಯಿಪಾಠ. ಯಾವುದೋ ರಾಜ್ಯದಲ್ಲಿ ಕೂತು ಕಾಲ್ ತೆಗೆದುಕೊಳ್ಳುವವನಿಗೆ ‘ರೋಡ್ ಸೂಪರ್ ಸರ್, ಲೊಕೇಶನ್ ಕಳಿಸ್ತೀನಿ’ ಅನ್ನೋದು ಬಿಟ್ಟು ಬೇರೆ ಬರುವುದಿಲ್ಲ. ಇನ್ನೂ ಅನುಮಾನ ಇದ್ದರೆ ವಿಡಿಯೋ ಕಾಲ್ ಮಾಡಿ ಅಂಗಳ ತೋರಿಸಿ ಅಂತ ಕೇಳಿ. ಇಲ್ಲಿ ಮಳೆ ಹೊಯ್ಯುತ್ತಿರುವ ದಿನ ಅವರು ಕಳಿಸಿದ ‘ಈಗಿನ’ ವಿಡಿಯೋದಲ್ಲಿ ಬಿಸಿಲು ಕಾಯುತ್ತಿದ್ದರೆ ಉತ್ತರ ಸಿಕ್ಕಿತಲ್ಲ. ಫೋಟೋಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ, ಅದೇ ಫೋಟೋ ಬೇರೆ ಹೆಸರಿನಲ್ಲಿ, ಬೇರೆ ನಂಬರಿನಲ್ಲಿ ಇದೆಯಾ ಅಂತ ಗೊತ್ತಾಗುತ್ತದೆ. ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು, ಆ ಪ್ರಮಾಣಪತ್ರ ಕಳಿಸಿ ಅಂತ ಕೇಳೋದರಲ್ಲಿ ಸಂಕೋಚ ಬೇಡ.

ಜಿಎಸ್‌ಟಿ ನಂಬರ್ ಕೇಳಿ ಅನ್ನೋದು ಹೋಂಸ್ಟೇ ವಿಷಯದಲ್ಲಿ ಅಷ್ಟು ಉಪಯೋಗಕ್ಕೆ ಬರಲ್ಲ. ವರ್ಷಕ್ಕೆ 20 ಲಕ್ಷದ ಒಳಗೆ ವಹಿವಾಟು ಇರುವ ಸಣ್ಣವರಿಗೆ ಸಾಮಾನ್ಯವಾಗಿ ಅದು ಕಡ್ಡಾಯ ಅಲ್ಲ.

ಇನ್ನು ಮುಳ್ಳಯ್ಯನಗಿರಿ, ದತ್ತಪೀಠದ ಕಡೆ ಹೋಗುವವರು 2025ರ ಸೆಪ್ಟೆಂಬರ್‌ನಿಂದ ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಬೇಕು, ಅದಕ್ಕೆ ಜಿಲ್ಲಾಡಳಿತದ ವೆಬ್‌ಸೈಟಿನಿಂದಲೇ ಒಳಗೆ ಹೋಗಿ. ಇಂಥ ವ್ಯವಸ್ಥೆ ಬಂದ ಕಡೆಯಲ್ಲೆಲ್ಲ ‘ಪಾಸ್ ಮಾಡಿಸಿಕೊಡ್ತೀವಿ’ ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಕೆಲವೇ ದಿನ. ಕ್ಯೂ ಕಿಲೋಮೀಟರ್‌ಗಟ್ಟಲೆ ಇರುವಾಗ ವಿಶೇಷ ದರ್ಶನದ ಟಿಕೆಟ್ ವಾಟ್ಸಾಪ್‌ನಲ್ಲೇ ಕಳಿಸ್ತೀವಿ ಅಂದರೆ ಯಾರಿಗಾದರೂ ಆಸೆ ಆಗುತ್ತದೆ. ಆಸೆ ಆದಾಗ ವಿಳಾಸ ಬಲದಿಂದ ಓದಿ.

ಕಾಲು ಬೆಲೆಗೆ ವೀಡ್ ಕಟರ್

ಫೇಸ್‌ಬುಕ್‌ನಲ್ಲಿ ತೋಟದವರನ್ನೇ ಹುಡುಕಿಕೊಂಡು ಬರುವ ಜಾಹೀರಾತುಗಳಿವೆ. ಮಳೆ ಶುರುವಾದ ಕೂಡಲೇ ವೀಡ್ ಕಟರ್, ಕೊಯ್ಲಿನ ಹೊತ್ತಿಗೆ ಟಾರ್ಪಾಲು, ಅಲ್ಯುಮಿನಿಯಂ ಏಣಿ. ಅಂಗಡಿಯಲ್ಲಿ ಹತ್ತು ಸಾವಿರ ಇರುವುದು ಇಲ್ಲಿ 1,999. ‘ಗೋದಾಮು ಖಾಲಿ ಮಾಡುತ್ತಿದ್ದೇವೆ’, ಪಕ್ಕದಲ್ಲಿ ಓಡುವ ಗಡಿಯಾರ. ಪೇಜ್ ರಿಫ್ರೆಶ್ ಮಾಡಿ ನೋಡಿ, ಎಷ್ಟೋ ಕಡೆ ಆ ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇಂಥ ಅಂಗಡಿಗೆ ಜಿಎಸ್‌ಟಿ ಪರೀಕ್ಷೆ ಚೆನ್ನಾಗಿ ಒಪ್ಪುತ್ತದೆ. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ, ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಮಾಲೀಕರ ಪ್ಯಾನ್. ಜಿಎಸ್‌ಟಿ ಡಾಟ್ ಜಿಒವಿ ಡಾಟ್ ಇನ್ ಪುಟದಲ್ಲಿ ಲಾಗಿನ್ ಆಗದೆಯೇ ‘ಸರ್ಚ್ ಟ್ಯಾಕ್ಸ್‌ಪೇಯರ್’ ಅನ್ನುವ ಕಡೆ ಆ ನಂಬರ್ ಹಾಕಿದರೆ ಹೆಸರು, ಯಾವಾಗ ನೋಂದಣಿ ಆಯಿತು, ಈಗ ಚಾಲ್ತಿಯಲ್ಲಿದೆಯಾ ಎಲ್ಲಾ ಬರುತ್ತದೆ. ‘ಬೆಂಗಳೂರಿನ ಅಂಗಡಿ’ ಅಂತ ಬರೆದುಕೊಂಡು 29 ಬಿಟ್ಟು ಬೇರೆ ಅಂಕಿಯಿಂದ ಶುರುವಾದರೆ, ಅಥವಾ ನಂಬರ್ ಹಾಕಿದಾಗ ಯಾರದೋ ಬಟ್ಟೆ ಅಂಗಡಿ ಬಂದರೆ, ಇನ್ನೊಬ್ಬರ ನಂಬರ್ ಎತ್ತಿ ಹಾಕಿದ್ದಾರೆ ಅಂತ ಅನುಮಾನ ಪಡಲೇಬೇಕು.

ಕಂಪ್ಯೂಟರ್ ಮುಂದೆ ಕೂತು ಅಭ್ಯಾಸ ಇರುವವರು ಇನ್ನೊಂದು ಮಾಡಬಹುದು. ‘ಹೂ ಈಸ್ ಲುಕಪ್’ ಅಂತ ಹುಡುಕಿ, ಅಲ್ಲಿ ವೆಬ್‌ಸೈಟಿನ ವಿಳಾಸ ಹಾಕಿದರೆ ಆ ಹೆಸರನ್ನು ಯಾವತ್ತು ಕೊಂಡರು ಅನ್ನುವ ತಾರೀಕು ಸಿಗುತ್ತದೆ. ‘20 ವರ್ಷಗಳಿಂದ ರೈತರ ನಂಬಿಕೆ’ ಅಂತ ಬರೆದುಕೊಂಡಿರುವ ಅಂಗಡಿಯ ವಿಳಾಸ ಹೋದ ತಿಂಗಳು ಕೊಂಡದ್ದಾಗಿದ್ದರೆ ಏನು ಹೇಳೋಣ!

ಕ್ಯಾಶ್ ಆನ್ ಡೆಲಿವರಿ ಇದ್ದರೆ ಭಯ ಇಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಸಾಮಾನ್ಯವಾಗಿ ದುಡ್ಡು ಕೊಟ್ಟ ಮೇಲೇ ಬಾಕ್ಸ್ ಬಿಚ್ಚೋಕೆ ಬಿಡೋದು. ಒಳಗೆ ಆಟಿಕೆಯೋ ಹಳೆ ಬಟ್ಟೆಯೋ ಇದ್ದರೆ ತಂದುಕೊಟ್ಟ ಹುಡುಗನನ್ನು ಬೈದು ಏನು ಪ್ರಯೋಜನ? ಗೊತ್ತಿಲ್ಲದ ಅಂಗಡಿಯಲ್ಲಿ ಕೊಳ್ಳಲೇಬೇಕು ಅಂದರೆ ಕ್ರೆಡಿಟ್ ಕಾರ್ಡ್ ವಾಸಿ, ಸಾಮಾನು ಬರಲಿಲ್ಲ ಅಂದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್ ಕೇಳುವ ದಾರಿಯಾದರೂ ಇರುತ್ತದೆ.

ಮಾರುವವರಿಗೂ ಒಂದು ಮಾತು. ಕಾಳುಮೆಣಸೋ ಹಳೆ ಬೈಕೋ ಆನ್‌ಲೈನ್‌ನಲ್ಲಿ ಮಾರೋಕೆ ಹಾಕಿದಾಗ, ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಒಬ್ಬ ಹೇಳುತ್ತಾನೆ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕೊಡೋಕೆ, ಇಲ್ಲ ಬ್ಯಾಲೆನ್ಸ್ ನೋಡೋಕೆ. ತೆಗೆದುಕೊಳ್ಳೋಕೆ ಪಿನ್ ಬೇಡವೇ ಬೇಡ. ವ್ಯಕ್ತಿಯಿಂದ ವ್ಯಕ್ತಿಗೆ ‘ದುಡ್ಡು ಕಳಿಸಿ’ ಅಂತ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಕ್ಯೂಆರ್ ಆಟ ಮಾತ್ರ ಹಾಗೇ ಇದೆ.

ಎಪಿಕೆ ಬಂದರೆ

ಮದುವೆ ಕರೆಯೋಲೆ, ಪಿಎಂ ಕಿಸಾನ್ ಪಟ್ಟಿ, ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ. ಹೆಸರು ಏನೇ ಇರಲಿ, ವಾಟ್ಸಾಪ್‌ನಲ್ಲಿ ಬಂದ ಫೈಲ್ ಡಾಟ್ ಎಪಿಕೆ ಅಂತ ಮುಗಿದರೆ ಅದು ಫೋಟೋ ಅಲ್ಲ, ಪತ್ರ ಅಲ್ಲ, ಒಂದು ಆ್ಯಪ್. ಅದನ್ನು ಹಾಕಿಕೊಂಡು, ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿದರೆ ನಿಮಗೆ ಬರುವ ಒಟಿಪಿ ಅವರಿಗೂ ಹೋಗುತ್ತದೆ. ಗೊತ್ತಿರುವವರ ನಂಬರಿನಿಂದಲೇ ಬಂದಿರಬಹುದು, ಯಾಕಂದ್ರೆ ಅವರ ಫೋನ್ ಆಗಲೇ ಕೈ ತಪ್ಪಿರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಅಂತ ಹುಡುಕಿ, ವಾಟ್ಸಾಪ್, ಕ್ರೋಮ್ ಎಲ್ಲದಕ್ಕೂ ಆಫ್ ಮಾಡಿಡಿ. ಅಪ್ಪ ಅಮ್ಮನ ಫೋನಿನಲ್ಲಿ ಮೊದಲು.

ಷೇರು ಮಾರುಕಟ್ಟೆಯ ವಾಟ್ಸಾಪ್ ಗುಂಪುಗಳ ಬಗ್ಗೆ ಇಷ್ಟೇ: ಆ್ಯಪ್‌ನಲ್ಲಿ ಕಾಣುವ ಲಾಭ ಬರೀ ಪರದೆಯ ಮೇಲಿನ ಅಂಕಿ. ತೆಗೆಯೋಕೆ ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಅಂತಾರೆ. ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯಲ್ಲಿ ನೋಂದಣಿ ಇದೆಯಾ ಅಂತ ಸೆಬಿಯ ವೆಬ್‌ಸೈಟಿನಲ್ಲೇ ನೋಡಿ, ಅವರು ಕಳಿಸಿದ ಸರ್ಟಿಫಿಕೇಟ್ ನೋಡಿ ನಂಬಬೇಡಿ. ಪೊಲೀಸರು ಅಂತ ಹೇಳಿಕೊಂಡು ಫೋನಿನಲ್ಲೇ ಬಂಧಿಸಿದ್ದೇವೆ ಅಂತ ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವಂಥದ್ದು ನಮ್ಮ ಕಾನೂನಿನಲ್ಲಿ ಇಲ್ಲ. ವಿಡಿಯೋ ಕಾಲ್‌ನಲ್ಲಿ ಬಂಧಿಸೋಕೆ ಯಾವ ಪೊಲೀಸರಿಗೂ ಆಗಲ್ಲ, ಕಾಲ್ ಕಟ್ ಮಾಡಿ.

ಮೊದಲೇ ಮಾಡಿಡಬಹುದಾದ್ದು

ಎಷ್ಟೇ ಹುಷಾರಾಗಿದ್ದರೂ ಸುಸ್ತಾಗಿರುವ ಒಂದು ಸಂಜೆ ಕೈ ತಪ್ಪಬಹುದು. ಅದಕ್ಕೆ ನಾನು ಎಲ್ಲರಿಗೂ ಹೇಳುವ ಒಂದೇ ವ್ಯವಸ್ಥೆ: ಎರಡು ಖಾತೆ ಇಟ್ಟುಕೊಳ್ಳಿ. ಕಾಫಿ, ಮೆಣಸು ಮಾರಿದ ದುಡ್ಡು, ಎಫ್‌ಡಿ, ಸಂಬಳ ಬರುವ ಖಾತೆಗೆ ಯುಪಿಐ ಜೋಡಿಸಲೇಬೇಡಿ. ಇನ್ನೊಂದು ಸಣ್ಣ ಖಾತೆಯಲ್ಲಿ ತಿಂಗಳ ಖರ್ಚಿಗೆ ಆಗುವಷ್ಟು ಹಾಕಿಕೊಂಡು ಅದಕ್ಕೆ ಮಾತ್ರ ಯುಪಿಐ. ಹೋದರೂ ಆ ತಿಂಗಳ ದಿನಸಿ ದುಡ್ಡು ಹೋಗುತ್ತದೆ, ವರ್ಷದ ಬೆಳೆ ಹೋಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ತೋಟದಲ್ಲಿ ವಯಸ್ಸಾದ ಇಬ್ಬರೇ ಇರುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಹಾಗೆಯೇ ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಆಫ್ ಮಾಡಿ, ಬೇಕಾದಾಗ ಮಾತ್ರ ಆನ್ ಮಾಡಬಹುದು.

ಕಾಲೇಜು ಹುಡುಗರಿಗೆ ಇನ್ನೊಂದು: ‘ನಿನ್ನ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀವಿ’ ಅಂದರೆ ಕೊಡಬೇಡಿ. ಮೋಸದ ದುಡ್ಡು ಹರಿಯುವುದು ಇಂಥ ಖಾತೆಗಳಲ್ಲೇ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ದುಡ್ಡು ಹೋಗಿಬಿಟ್ಟರೆ

ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಮನೆಯವರಿಗೆ ಹೇಳೋದು, ತೋಟದ ಲೆಕ್ಕಪತ್ರ ನೋಡುವ ರೈಟರ್ ಹತ್ತಿರ ಸಲಹೆ ಕೇಳೋದು, ಮೋಸ ಮಾಡಿದವನಿಗೆ ಫೋನ್ ಮಾಡಿ ಬೈಯೋದು ಎಲ್ಲಾ ಆಮೇಲೆ. ಕಳ್ಳರು ದುಡ್ಡನ್ನು ಒಂದು ಖಾತೆಯಲ್ಲಿ ಇಡುವುದಿಲ್ಲ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಾಕಿ ಕೊನೆಗೆ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. 1930ರ ದೂರು ಬ್ಯಾಂಕುಗಳಿಗೆ ನೇರ ಹೋಗಿ, ದುಡ್ಡು ಆ ಕ್ಷಣಕ್ಕೆ ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಅದಕ್ಕೇ ಮೊದಲ ಗಂಟೆ ಅಷ್ಟು ಮುಖ್ಯ. ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ನಿಮ್ಮ ಬ್ಯಾಂಕಿನ ಹೆಸರು, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಯಾವ ಯುಪಿಐ ಐಡಿಗೆ ಹೋಯಿತು, ಮತ್ತು ಆ ವಹಿವಾಟಿನ 12 ಅಂಕಿಯ ನಂಬರ್. ಆ್ಯಪ್‌ನ ಹಿಸ್ಟರಿಯಲ್ಲಿ ಯುಟಿಆರ್ ಅಂತಲೋ ಯುಪಿಐ ಟ್ರಾನ್ಸಾಕ್ಷನ್ ಐಡಿ ಅಂತಲೋ ಇರುತ್ತದೆ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ಹಾಕಿ.

ಜೊತೆಗೇ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಇದು ಬರೀ ಶಾಸ್ತ್ರಕ್ಕಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ನಿಮ್ಮದೂ ತಪ್ಪಿಲ್ಲ, ಬ್ಯಾಂಕಿನದೂ ತಪ್ಪಿಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ತೂತು ಬಿದ್ದು ದುಡ್ಡು ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆ ಬರುವುದಿಲ್ಲ. ಒಟಿಪಿ, ಪಿನ್ ನೀವೇ ಕೊಟ್ಟಿದ್ದರೆ ಕಥೆ ಬೇರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ಆದರೆ ತಿಳಿಸಿದ ಮೇಲೂ ದುಡ್ಡು ಹೋದರೆ ಅದು ಬ್ಯಾಂಕಿನ ತಲೆ ಮೇಲೆ. ಹಾಗಾಗಿ ಎಷ್ಟು ಹೊತ್ತಿಗೆ ತಿಳಿಸಿದಿರಿ ಅನ್ನುವ ದಾಖಲೆ ನಿಮ್ಮ ಹತ್ತಿರ ಇರಲೇಬೇಕು. ಬ್ಯಾಂಕ್ 30 ದಿನ ಸುಮ್ನೆ ಕೂತರೆ ಅಥವಾ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448.

ಎಪಿಕೆ ಹಾಕಿಕೊಂಡಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆಯವರ ಫೋನಿನಿಂದ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ. ಸ್ಕ್ರೀನ್‌ಶಾಟ್‌ಗಳನ್ನು ಬೇರೆ ಕಡೆ ಉಳಿಸಿಕೊಂಡ ಮೇಲೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸೋದೇ ಒಳ್ಳೆಯದು. ನಿಮ್ಮ ಕಾಲ್‌ಗಳನ್ನು ಬೇರೆ ನಂಬರಿಗೆ ತಿರುಗಿಸಿರಬಹುದು ಅನ್ನಿಸಿದರೆ ##002# ಡಯಲ್ ಮಾಡಿ, ಎಲ್ಲಾ ಫಾರ್ವರ್ಡಿಂಗ್ ರದ್ದಾಗುತ್ತದೆ.

ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ, ಸೈಬರ್ ಪ್ರಕರಣ ನೋಡುವುದು ಅವರೇ. ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡಿ, ನಾಚಿಕೆಯಿಂದ ಮಾಡಿಬಿಡುವವರೇ ಜಾಸ್ತಿ. ವೆಬ್‌ಸೈಟಿನ ಪೂರ್ತಿ ವಿಳಾಸ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಇಂಥ ಪುಟಗಳು ಎರಡು ದಿನದಲ್ಲಿ ಮಾಯವಾಗುತ್ತವೆ. ಬೇರೆ ಬೇರೆ ಖಾತೆಗಳಲ್ಲಿ ತಡೆಹಿಡಿದ ದುಡ್ಡು ವಾಪಸ್ ಬರೋಕೆ ಕೋರ್ಟಿನ ಆದೇಶ ಬೇಕಾಗಬಹುದು, ಅದಕ್ಕೆ ದೂರಿನ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಒಂದೇ ಫೈಲಿನಲ್ಲಿರಲಿ.

ಹೋಂಸ್ಟೇ ಮಾಲೀಕರು ತಮ್ಮ ಫೋಟೋ ಬಳಸಿ ಮೋಸ ನಡೆಯುತ್ತಿದೆ ಅಂತ ಗೊತ್ತಾದ ದಿನವೇ, ದುಡ್ಡು ತಮ್ಮದು ಹೋಗದಿದ್ದರೂ, ದೂರು ಕೊಟ್ಟಿಡಬೇಕು. ನಾಳೆ ಗೇಟಿನ ಹತ್ತಿರ ಜಗಳ ಆದಾಗ ತೋರಿಸೋಕೆ ಒಂದು ಕಾಗದ ಇರುತ್ತದೆ.

ದೂರು ಕೊಟ್ಟ ಸ್ವಲ್ಪ ದಿನಕ್ಕೆ ಇನ್ನೊಂದು ಫೋನ್ ಬರಬಹುದು. ಸೈಬರ್ ಸೆಲ್‌ನಿಂದ, ಇಲ್ಲ ವಕೀಲರ ಆಫೀಸಿನಿಂದ ಅಂತ ಹೇಳಿಕೊಂಡು, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸೋಕೆ ಸ್ವಲ್ಪ ಫೀಸ್ ಕಟ್ಟಿ ಅಂತಾರೆ. ಎಷ್ಟು ಹೋಗಿತ್ತು, ಯಾವತ್ತು ಹೋಗಿತ್ತು ಅನ್ನೋದೂ ಅವರಿಗೆ ಗೊತ್ತಿರುತ್ತದೆ, ಯಾಕಂದ್ರೆ ಎಷ್ಟೋ ಸಲ ಅವರೂ ಮೊದಲಿನ ಕಳ್ಳರ ಗುಂಪಿನವರೇ. ದುಡ್ಡು ಕಟ್ಟಬೇಡಿ. ಆ ನಂಬರ್ ಬರೆದುಕೊಂಡು ಸಿಇಎನ್ ಠಾಣೆಗೆ ಕೊಟ್ಟು ನಿಮ್ಮ ಹಳೆಯ ದೂರಿಗೇ ಸೇರಿಸಿ.